ಹೆತ್ತವರ ದುಡ್ಡಿನಲ್ಲಿ ವಿಜ್ಞಾನ ಎಷ್ಟು ದೂರ ಹೋದೀತು?

ನೆಲದ ಮೇಲೆ ಕೂತ ನಾಲ್ಕೈದು ವರ್ಷದ ಹುಡುಗ ಏಳುವ ಬಗೆಯನ್ನು ನೋಡಿಯೇ ಕೆಲವೊಮ್ಮೆ ರೋಗವನ್ನು ಊಹಿಸಬಹುದು. ಅವನು ಮೊದಲು ಬೋರಲಾಗಿ ತಿರುಗುತ್ತಾನೆ. ಅಂಗೈ, ಮೊಣಕಾಲು ಊರಿ ಸೊಂಟ ಮೇಲೆತ್ತುತ್ತಾನೆ. ಆಮೇಲೆ ಒಂದು ಕೈ ಮೊಣಕಾಲಿಗೆ, ಇನ್ನೊಂದು ತೊಡೆಗೆ. ಹೀಗೆ ತನ್ನ ಕಾಲನ್ನೇ ಹಿಡಿದು ಹತ್ತಿ ನೆಟ್ಟಗಾಗುತ್ತಾನೆ. ಮೀನಖಂಡ ದಪ್ಪಗಿರುವುದರಿಂದ ಮನೆಯವರು ಹುಡುಗನ ಕಾಲು ಗಟ್ಟಿ ಎಂದೇ ತಿಳಿದಿರುತ್ತಾರೆ. ಇವೆರಡೂ ಒಟ್ಟಿಗೆ ಕಂಡರೆ ವೈದ್ಯರಿಗೆ ಬರುವ ಮೊದಲ ಅನುಮಾನ ಡುಶೆನ್ ಸ್ನಾಯುಕ್ಷಯದ್ದು. ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುವ ಈ ಕಾಯಿಲೆ ಹನ್ನೆರಡರ ಆಸುಪಾಸಿಗೆ ಮಗುವನ್ನು ಗಾಲಿಕುರ್ಚಿಗೆ ತರುತ್ತದೆ. ಹರೆಯ ದಾಟುವಷ್ಟರಲ್ಲಿ ಉಸಿರಾಟದ ಸ್ನಾಯುಗಳಿಗೂ ಹೃದಯಕ್ಕೂ ಕೈ ಹಾಕುತ್ತದೆ.

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಡೆಂಕಣಿಕೋಟೆ ಕಡೆಯ ಮನೆಯೊಂದರಲ್ಲಿ ಇಂಥ ಮಗುವಿದ್ದರೆ ದಾರಿ ಹೀಗೆ ಸಾಗುತ್ತದೆ: ಊರಿನ ಸರ್ಕಾರಿ ಆಸ್ಪತ್ರೆ, ಎಣ್ಣೆ ತಿಕ್ಕುವವರು, ಬೇಟರಾಯಸ್ವಾಮಿಗೆ ಒಂದು ಹರಕೆ, ಹೊಸೂರಿನ ಮಕ್ಕಳ ಡಾಕ್ಟರು. ತಿಳಿದವರು ಯಾರಾದರೂ ರಕ್ತದಲ್ಲಿ ಸಿಕೆ ಎಂಬ ಕಿಣ್ವದ ಮಟ್ಟ ನೋಡಿಸಿದರೆ ಅದು ಮಾಮೂಲಿಗಿಂತ ಹತ್ತಾರು ಪಟ್ಟು ಹೆಚ್ಚಿರುವುದು ಗೊತ್ತಾಗುತ್ತದೆ. ಅಲ್ಲಿಂದ ಅತ್ತಿಬೆಲೆ ಗಡಿ ದಾಟಿದರೆ ಹೊಸೂರು ರಸ್ತೆಯಲ್ಲೇ ಎಲೆಕ್ಟ್ರಾನಿಕ್ ಸಿಟಿಯ ಮಾನವ ತಳಿವಿಜ್ಞಾನ ಕೇಂದ್ರ ಸಿಗುತ್ತದೆ, ಇನ್ನೂ ಮುಂದೆ ನಿಮ್ಹಾನ್ಸ್. ಕೃಷ್ಣಗಿರಿ ಕಡೆಯಿಂದ ಹೋಗುವವರಿಗೆ ವೆಲ್ಲೂರಿನ ಸಿಎಂಸಿ ಇದೆ. ರೋಗ ಯಾವುದೆಂದು ಈ ಊರುಗಳಲ್ಲಿ ತಿಳಿಯುತ್ತದೆ. ಗುಣಪಡಿಸುವ ಔಷಧ ಮಾತ್ರ ಇಲ್ಲ. ಸ್ಟೀರಾಯ್ಡ್ ಕೊಟ್ಟರೆ ನಡೆಯುವ ಕಾಲ ಎರಡು ಮೂರು ವರ್ಷ ಹೆಚ್ಚಬಹುದು, ಅಷ್ಟೆ.

ಅಲ್ಲಿಗೆ ಸುಮ್ಮನಾಗದೆ, ಔಷಧ ಯಾಕಿಲ್ಲ, ಹುಡುಕುವವರು ಯಾರು, ಅದಕ್ಕೆ ಎಷ್ಟು ದುಡ್ಡು ಬೇಕು ಎಂದು ಕೇಳಿದ ತಂದೆತಾಯಿಗಳು ಜಗತ್ತಿನಾದ್ಯಂತ ಇದ್ದಾರೆ. ಬೆಂಗಳೂರಿನಲ್ಲೂ ಇದ್ದಾರೆ. ಅವರು ಟ್ರಸ್ಟ್ ಕಟ್ಟಿ, ಚಂದಾ ಎತ್ತಿ, ವಿಜ್ಞಾನಿಗಳನ್ನು ಸೇರಿಸಿ ಸಂಶೋಧನೆ ನಡೆಸಿದರು. ಅದರಿಂದ ಏನಾಯಿತು, ಏನಾಗಲಿಲ್ಲ, ಅಂಥ ಟ್ರಸ್ಟ್ ಕಟ್ಟಲಾಗದವರ ಗತಿ ಏನು ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ.

ಗಿರಾಕಿಯಿಲ್ಲದ ಕಾಯಿಲೆಗಳು

ಜಗತ್ತಿನಲ್ಲಿ ಸುಮಾರು 7,000 ವಿರಳ ಕಾಯಿಲೆಗಳನ್ನು ಗುರುತಿಸಲಾಗಿದೆ. ಹೆಚ್ಚಿನವು ವಂಶವಾಹಿಯ ದೋಷದಿಂದ ಬರುವಂಥವು, ಬಾಲ್ಯದಲ್ಲೇ ತೋರುವಂಥವು. ನೂರರಲ್ಲಿ ತೊಂಬತ್ತೈದಕ್ಕೆ ಮಂಜೂರಾದ ಔಷಧವಿಲ್ಲ. ರೋಗಿಗಳು ಕೆಲವೇ ಸಾವಿರ ಇದ್ದರೆ ಕಂಪನಿಗೆ ಮಾರುಕಟ್ಟೆಯಿಲ್ಲ. ವೈದ್ಯ ತನ್ನ ಜೀವಮಾನದಲ್ಲಿ ಒಂದೆರಡು ರೋಗಿಗಳನ್ನು ನೋಡಿದರೆ ಹೆಚ್ಚು, ಹಾಗಾಗಿ ಅನುಭವವೂ ಬೆಳೆಯುವುದಿಲ್ಲ. ಈ ತೆರವಿಗೆ ಮೊದಲು ಕಾಲಿಟ್ಟವರು ಹೆತ್ತವರೇ.

ಅಮೆರಿಕದಲ್ಲಿ, ಶ್ವಾಸಕೋಶದಲ್ಲಿ ಅಂಟು ಲೋಳೆ ಕಟ್ಟುವ ಸಿಸ್ಟಿಕ್ ಫೈಬ್ರೋಸಿಸ್ ಮಕ್ಕಳ ತಂದೆತಾಯಿಗಳು 1955ರಲ್ಲೇ ಪ್ರತಿಷ್ಠಾನ ಕಟ್ಟಿದರು. ಫ್ರಾನ್ಸಿನಲ್ಲಿ 1958ರಲ್ಲಿ ಸ್ನಾಯುಕ್ಷಯದ ಮಕ್ಕಳ ತಾಯಿ ಯೋಲೆನ್ ದ ಕೆಪರ್ ಆರಂಭಿಸಿದ ಸಂಘ 1987ರಿಂದ ಟಿವಿಯಲ್ಲಿ ಟೆಲಿಥಾನ್ ಎಂಬ ಚಂದಾ ಕಾರ್ಯಕ್ರಮ ನಡೆಸುತ್ತ ಬಂದಿದೆ; ಆ ಹಣದಿಂದ 1990ರಲ್ಲಿ ಜೆನೆಥಾನ್ ಎಂಬ ಪ್ರಯೋಗಾಲಯವೇ ಎದ್ದಿತು. 1983ರಲ್ಲಿ ಅಮೆರಿಕದ ಸಂಸತ್ತು ವಿರಳ ರೋಗಗಳ ಔಷಧಕ್ಕೆ ಏಳು ವರ್ಷದ ಏಕಸ್ವಾಮ್ಯ ಕೊಡುವ ಕಾನೂನು ಮಾಡಿದ್ದರ ಹಿಂದೆಯೂ ಆಬಿ ಮೇಯರ್ಸ್ ಅವರಂಥ ತಾಯಂದಿರ ಪಟ್ಟು ಇತ್ತು.

ಹೆತ್ತವರ ಟ್ರಸ್ಟ್ ಕೆಲಸ ಮಾಡುವ ಕ್ರಮ ತಿಳಿಯಲು ಪ್ರೊಜೀರಿಯಾ ಒಳ್ಳೆಯ ಉದಾಹರಣೆ. ಎಳೆಯ ಮಕ್ಕಳಿಗೆ ಮುಪ್ಪಿನ ಲಕ್ಷಣ ತರುವ ಈ ಕಾಯಿಲೆ ಇರುವವರು ಇಡೀ ಜಗತ್ತಿನಲ್ಲಿ ಕೆಲವೇ ನೂರು ಮಂದಿ. ಮಗ ಸ್ಯಾಮ್‌ಗೆ ಇದು ಇದೆ ಎಂದು ತಿಳಿದ ಮೇಲೆ ವೈದ್ಯ ದಂಪತಿ ಲೆಸ್ಲಿ ಗಾರ್ಡನ್ ಮತ್ತು ಸ್ಕಾಟ್ ಬರ್ನ್ಸ್ 1999ರಲ್ಲಿ ಪ್ರತಿಷ್ಠಾನ ತೆರೆದರು. ಮೊದಲು ರೋಗಿಗಳ ಪಟ್ಟಿ ಮಾಡಿದರು, ಮಕ್ಕಳ ಜೀವಕೋಶಗಳನ್ನು ಸಂಗ್ರಹಿಸಿ ಕೇಳಿದ ಪ್ರಯೋಗಾಲಯಗಳಿಗೆ ಕಳಿಸಿದರು. 2003ರಲ್ಲಿ ದೋಷವಿರುವ ವಂಶವಾಹಿ ಪತ್ತೆಯಾಯಿತು. ಕ್ಯಾನ್ಸರಿಗೆಂದು ತಯಾರಾಗಿ ಬದಿಗೆ ಸರಿದಿದ್ದ ಲೋನಾಫಾರ್ನಿಬ್ ಎಂಬ ಔಷಧವನ್ನು 2007ರಿಂದ ಪರೀಕ್ಷಿಸಿದರು. 2020ರ ನವೆಂಬರಿನಲ್ಲಿ ಅದಕ್ಕೆ ಮಂಜೂರಾತಿ ಸಿಕ್ಕಿತು. ಅದು ಪೂರ್ತಿ ವಾಸಿ ಮಾಡುವುದಿಲ್ಲ, ಆಯುಸ್ಸನ್ನು ಒಂದಿಷ್ಟು ಹೆಚ್ಚಿಸುತ್ತದೆ. ಸ್ಯಾಮ್ 2014ರಲ್ಲೇ, ಹದಿನೇಳನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ. ಇಂಥ ಟ್ರಸ್ಟುಗಳ ಬಹುತೇಕ ಸ್ಥಾಪಕರ ಪಾಡು ಇದೇ: ಇಟ್ಟ ಗಿಡದ ನೆರಳು ಸಿಗುವುದು ಬೇರೆಯವರ ಮಕ್ಕಳಿಗೆ.

ಬೆಂಗಳೂರಿನಲ್ಲಿ ನಡೆದದ್ದು

ನಮ್ಮ ಕಡೆ ಈ ಚಳವಳಿ ಆರಂಭವಾದದ್ದು ಚಿಕಿತ್ಸೆಯ ಬೇಡಿಕೆಯಿಂದ. ಪ್ರಸನ್ನ ಶಿರೋಳ ಅವರ ಮಗಳು ನಿಧಿ ಭಾರತದಲ್ಲಿ ಮೊದಲು ಪತ್ತೆಯಾದ ಪಾಂಪೆ ರೋಗಿ ಎಂದು ಹೆಸರಾದವಳು. ಆ ರೋಗದಲ್ಲಿ ಒಂದು ಕಿಣ್ವದ ಕೊರತೆಯಿಂದ ಗ್ಲೈಕೋಜನ್ ಸ್ನಾಯುಗಳಲ್ಲಿ ಕೂಡಿಕೊಂಡು ಅವು ಸೊರಗುತ್ತವೆ. ಕಿಣ್ವವನ್ನು ಹೊರಗಿನಿಂದ ಡ್ರಿಪ್ ಮೂಲಕ ಕೊಡಬಹುದು, ಆದರೆ ಮಗು ಬೆಳೆದು ತೂಕ ಹೆಚ್ಚಿದಂತೆ ಬೆಲೆಯೂ ಏರುತ್ತದೆ. ತಯಾರಿಸುವ ಕಂಪನಿಯ ನೆರವಿನಿಂದ ಮಗಳಿಗೆ ಔಷಧ ದೊರೆತರೂ ಶಿರೋಳರು ಅಷ್ಟಕ್ಕೇ ನಿಲ್ಲಲಿಲ್ಲ. 2014ರಲ್ಲಿ ಬೆಂಗಳೂರಿನಲ್ಲಿ ಆರ್ಗನೈಸೇಷನ್ ಫಾರ್ ರೇರ್ ಡಿಸೀಸಸ್ ಇಂಡಿಯಾ ಕಟ್ಟಿದವರಲ್ಲಿ ಒಬ್ಬರಾದರು. ಒಂದೊಂದು ರೋಗಕ್ಕೆ ಒಂದೊಂದು ಸಂಘ ಮಾಡಿದರೆ ಸರ್ಕಾರ ಕಿವಿಗೊಡುವುದಿಲ್ಲ, ಎಲ್ಲ ವಿರಳ ರೋಗಗಳೂ ಒಂದೇ ಸೂರಿನಡಿ ಬರಬೇಕು ಎಂಬುದು ಅದರ ಲೆಕ್ಕ. 7,000 ರೋಗಗಳ ನೆನಪಿಗೆ ಬೆಂಗಳೂರಿನಲ್ಲಿ ಅದು ನಡೆಸುವ ಏಳು ಕಿಲೋಮೀಟರ್ ಓಟ ಈಗ ಊರಿನ ವಾರ್ಷಿಕ ರೂಢಿ. ನಿಧಿ 2023ರ ನವೆಂಬರಿನಲ್ಲಿ ತೀರಿಕೊಂಡಳು. ಈ ಸಂಸ್ಥೆಯ ಮತ್ತೊಬ್ಬ ಸಹಸ್ಥಾಪಕ ವಿಜ್ಞಾನಿ ಹರ್ಷ ರಾಜಸಿಂಹ ಎಡ್ವರ್ಡ್ಸ್ ಸಿಂಡ್ರೋಮ್‌ನಿಂದ ಮಗಳನ್ನು ಕಳೆದುಕೊಂಡವರು; ಅಮೆರಿಕದಲ್ಲಿದ್ದುಕೊಂಡು ಭಾರತದ ರೋಗಿಗಳನ್ನು ಅಲ್ಲಿನ ಸಂಶೋಧನೆಗೆ ಜೋಡಿಸುವ ಇನ್ನೊಂದು ಸಂಘಟನೆ ಕಟ್ಟಿದ್ದಾರೆ.

ಚಿಕಿತ್ಸೆಯ ಬೇಡಿಕೆ ದಾಟಿ ಸಂಶೋಧನೆಗೇ ಕೈಹಾಕಿದ್ದು 2012ರಲ್ಲಿ ಡುಶೆನ್ ಮಕ್ಕಳ ಹೆತ್ತವರು ಬೆಂಗಳೂರಿನಲ್ಲಿ ತೆರೆದ ಡಿಸ್ಟ್ರೋಫಿ ಅನೈಹಿಲೇಷನ್ ರಿಸರ್ಚ್ ಟ್ರಸ್ಟ್, ಬಾಯಿಮಾತಿನಲ್ಲಿ ಡಾರ್ಟ್. ವಿಜ್ಞಾನಿಗಳನ್ನು ನೇಮಿಸಿಕೊಂಡು ಸ್ವಂತ ಪ್ರಯೋಗಾಲಯದಲ್ಲೇ ಔಷಧ ಹುಡುಕಲು ಹೊರಟ ಟ್ರಸ್ಟ್ ಇದು. ಅವರು ಆರಿಸಿಕೊಂಡ ದಾರಿಗೆ ಎಕ್ಸಾನ್ ಸ್ಕಿಪ್ಪಿಂಗ್ ಎಂದು ಹೆಸರು. ಅದನ್ನು ಸ್ವಲ್ಪ ಬಿಡಿಸಿ ನೋಡಿದರೆ ಹೆತ್ತವರೇ ಯಾಕೆ ಮುಂದಾಗಬೇಕಾಯಿತು ಎಂಬುದೂ ತಿಳಿಯುತ್ತದೆ.

ಡಿಸ್ಟ್ರೋಫಿನ್ ಎಂಬ ಪ್ರೋಟೀನು ಸ್ನಾಯುವಿನ ಕೋಶವನ್ನು ಹರಿಯದಂತೆ ಕಾಪಾಡುತ್ತದೆ. ಅದರ ವಂಶವಾಹಿ ಮನುಷ್ಯನ ವಂಶವಾಹಿಗಳಲ್ಲೇ ಅತಿ ಉದ್ದದ್ದು. ಅದರಲ್ಲಿ 79 ತುಂಡುಗಳು, ಅಂದರೆ ಎಕ್ಸಾನುಗಳು. ಜೀವಕೋಶ ಈ ಬರಹವನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. 'ಅವನು ಮನೆಗೆ ನಡೆದು ಬಂದನು' ಎಂಬ ಸಾಲನ್ನು ತೆಗೆದುಕೊಳ್ಳಿ. ಪ್ರತಿ ಪದಕ್ಕೂ ಮೂರಕ್ಷರ. 'ನ' ಎಂಬ ಒಂದಕ್ಷರ 'ನಡೆದು'ವಿನಿಂದ ಬಿದ್ದುಹೋಯಿತು ಎನ್ನಿ. ಓದುವ ಯಂತ್ರ ಮೂರರ ಲೆಕ್ಕ ಬಿಡುವುದಿಲ್ಲ, ಹಾಗಾಗಿ 'ಅವನು ಮನೆಗೆ ಡೆದುಬಂ ದನು' ಎಂದಾಗಿ ಅಲ್ಲಿಂದಾಚೆ ಎಲ್ಲವೂ ಅರ್ಥಗೆಡುತ್ತದೆ. ಡುಶೆನ್‌ನಲ್ಲಿ ಆಗುವುದು ಇದೇ. ಈಗ ಉಳಿದ 'ಡೆದು'ವನ್ನೂ ಬೇಕೆಂದೇ ಹಾರಿಸಿ ಓದಿದರೆ 'ಅವನು ಮನೆಗೆ ಬಂದನು' ಎಂದು ಸಿಗುತ್ತದೆ. ಸಾಲು ಮೋಟಾಯಿತು, ಅರ್ಥ ಉಳಿಯಿತು. ದೋಷದ ಪಕ್ಕದ ಎಕ್ಸಾನನ್ನು ಮುಚ್ಚಿ ಹಾರಿಸುವ ಸಣ್ಣ ರಾಸಾಯನಿಕ ತುಣುಕನ್ನು ಕೊಟ್ಟರೆ ಮೋಟಾದರೂ ಕೆಲಸ ಮಾಡಬಲ್ಲ ಡಿಸ್ಟ್ರೋಫಿನ್ ತಯಾರಾದೀತು, ತೀವ್ರವಾದ ಕಾಯಿಲೆ ಸೌಮ್ಯವಾದೀತು ಎಂಬುದು ತರ್ಕ.

ತೊಡಕಿರುವುದು ಮುಂದೆ. ಎಲ್ಲ ಮಕ್ಕಳಲ್ಲೂ ದೋಷ ಒಂದೇ ಕಡೆ ಇರುವುದಿಲ್ಲ. 51ನೆಯ ಎಕ್ಸಾನ್ ಹಾರಿಸುವ ಔಷಧ ಸುಮಾರು ನೂರರಲ್ಲಿ ಹದಿಮೂರು ಮಕ್ಕಳಿಗೆ, 45 ಅಥವಾ 53ನೆಯದು ಎಂಟೆಂಟು ಮಕ್ಕಳಿಗೆ ಹೊಂದುತ್ತದೆ. ಆಮೇಲಿನವು ಇನ್ನೂ ಕಡಿಮೆ. ಕಂಪನಿಗಳು ದೊಡ್ಡ ಗುಂಪನ್ನು ಹಿಡಿಯುತ್ತವೆ, ಚಿಕ್ಕ ಗುಂಪಿನ ಮಗುವಿಗೆ ಅವನ ಅಪ್ಪ ಅಮ್ಮನೇ ಗತಿ. 2023ರ ಆರಂಭದಲ್ಲಿ ಜೋಧಪುರದ ಐಐಟಿ ಮತ್ತು ಏಮ್ಸ್ ಜತೆಗೂಡಿ ಡಾರ್ಟ್ ಸಂಶೋಧನಾ ಕೇಂದ್ರ ತೆರೆದ ಸುದ್ದಿ ಬಂತು. ಎಕ್ಸಾನ್ ಹಾರಿಸುವ ಔಷಧದ ಬಹುಕೇಂದ್ರ ಪ್ರಯೋಗಕ್ಕೆ ಔಷಧ ಮಹಾನಿಯಂತ್ರಕರ ಒಪ್ಪಿಗೆ ಸಿಕ್ಕಿದೆ ಎಂದೂ, ಹೊರದೇಶದ ಔಷಧ ತರಿಸಿದರೆ ಮಗುವೊಂದಕ್ಕೆ ವರ್ಷಕ್ಕೆ 2ರಿಂದ 3 ಕೋಟಿ ರೂಪಾಯಿ ಬೀಳುತ್ತದೆ ಎಂದೂ ಆಗ ಹೇಳಲಾಯಿತು. ಚಂದಾ ಹಣದಲ್ಲಿ ಆರಂಭವಾದ ಕೆಲಸ ಹನ್ನೊಂದು ವರ್ಷಕ್ಕೆ ಸರ್ಕಾರಿ ಸಂಸ್ಥೆಗಳ ಜತೆ ಕೂರುವ ಹಂತಕ್ಕೆ ಬಂದದ್ದು ಸಣ್ಣ ಸಾಧನೆಯಲ್ಲ.

ದೇಶದ ಬೇರೆಡೆಯೂ ಇಂಥವರಿದ್ದಾರೆ. ಬೆನ್ನುಹುರಿಯ ಸ್ನಾಯುಕ್ಷಯ, ಅಂದರೆ ಎಸ್‌ಎಂಎ ಇರುವ ಮಕ್ಕಳ ಹೆತ್ತವರು ಕ್ಯೂರ್ ಎಸ್‌ಎಂಎ ಫೌಂಡೇಷನ್ ಆಫ್ ಇಂಡಿಯಾ ನಡೆಸುತ್ತಾರೆ. ದೆಹಲಿಯ ಜೆಎನ್‌ಯು ವಿಜ್ಞಾನಿಗಳಾದ ಸುಧಾ ಮತ್ತು ಅಲೋಕ್ ಭಟ್ಟಾಚಾರ್ಯ ದಂಪತಿ ತಮ್ಮ ಮನೆಗೇ ಬಂದ ಜಿಎನ್‌ಇ ಮಯೋಪತಿಯನ್ನು ಅಧ್ಯಯನದ ವಿಷಯ ಮಾಡಿಕೊಂಡು ಟ್ರಸ್ಟ್ ಕಟ್ಟಿದರು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಸ್ವತಃ ಇರುವ ಡಾ. ಸುರೇಶ ಹನಗವಾಡಿ ದಾವಣಗೆರೆಯಲ್ಲಿ ಕಟ್ಟಿದ ಸಂಘ ಕರ್ನಾಟಕಕ್ಕೆ ಮೇಲ್ಪಂಕ್ತಿಯಾಗಿದೆ. ಆ ರೋಗದಲ್ಲಿ ಸರ್ಕಾರಿ ಹಣ ಏನು ಮಾಡಬಲ್ಲದು ಎಂಬುದಕ್ಕೆ ವೆಲ್ಲೂರು ಸಾಕ್ಷಿ: ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಲ್ಲಿ ಸಿಎಂಸಿ ತೀವ್ರ ಹಿಮೋಫಿಲಿಯಾ ಎ ಇರುವ ಐವರಿಗೆ ಮಾಡಿದ ಜೀನ್ ಚಿಕಿತ್ಸೆಯ ಫಲ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು; ಅವರಾರಿಗೂ ಮತ್ತೆ ರಕ್ತಸ್ರಾವ ಕಾಣಿಸಿಕೊಂಡಿರಲಿಲ್ಲ.

ದುಡ್ಡು ಒಬ್ಬರದು, ಬೆಲೆ ಇನ್ನೊಬ್ಬರದು

ಹೆತ್ತವರು ಹಾಕಿದ ಹಣ ಔಷಧವಾಗಿ ಹೊರಬಂದ ಮೇಲೆ ಯಾರ ಕೈ ಸೇರುತ್ತದೆ? ಎಸ್‌ಎಂಎ ಕಥೆ ಇದಕ್ಕೆ ಕಣ್ಣುತೆರೆಸುವ ಉತ್ತರ. ಭಾರತೀಯ ಮೂಲದ ಹೂಡಿಕೆದಾರ ದಿನಕರ್ ಸಿಂಗ್ ಮತ್ತು ಲೋರೆನ್ ಎಂಗ್ ದಂಪತಿ ಮಗಳಿಗೆ ಈ ಕಾಯಿಲೆ ಬಂದ ಮೇಲೆ 2003ರಲ್ಲಿ ನ್ಯೂಯಾರ್ಕಿನಲ್ಲಿ ಎಸ್‌ಎಂಎ ಫೌಂಡೇಷನ್ ತೆರೆದು, ಹತ್ತು ಕೋಟಿ ಡಾಲರಿಗೂ ಮೀರಿ ಸಂಶೋಧನೆಗೆ ಸುರಿದರು. 2006ರಲ್ಲಿ ಪಿಟಿಸಿ ಎಂಬ ಚಿಕ್ಕ ಕಂಪನಿಯ ಜತೆ, 2011ರಲ್ಲಿ ಸ್ವಿಸ್ ದೈತ್ಯ ರೋಶ್ ಜತೆ ಕೈಜೋಡಿಸಿದರು. ಬಾಯಲ್ಲಿ ಕುಡಿಸಬಹುದಾದ ರಿಸ್ಡಿಪ್ಲಾಮ್ ಎಂಬ ಔಷಧಕ್ಕೆ 2020ರಲ್ಲಿ ಮಂಜೂರಾತಿ ಬಂತು. ಭಾರತದಲ್ಲಿ ಅದರ ಒಂದು ಬಾಟಲಿಗೆ ಸುಮಾರು 6 ಲಕ್ಷ ರೂಪಾಯಿ ಇತ್ತು. ಹೈದರಾಬಾದಿನ ನ್ಯಾಟ್ಕೋ ಕಂಪನಿ ಅದೇ ಔಷಧವನ್ನು ತಯಾರಿಸಲು ಹೊರಟಾಗ ರೋಶ್ ಪೇಟೆಂಟ್ ಹಿಡಿದು ನ್ಯಾಯಾಲಯಕ್ಕೆ ಹೋಯಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ತಡೆಯಾಜ್ಞೆ ಕೊಡಲಿಲ್ಲ, ಅಕ್ಟೋಬರಿನಲ್ಲಿ ಮೇಲ್ಮನವಿಯೂ ಬಿದ್ದಿತು, ಸುಪ್ರೀಂ ಕೋರ್ಟೂ ಕೈಹಾಕಲಿಲ್ಲ. ನ್ಯಾಟ್ಕೋ ಬಾಟಲಿಗೆ 15,900 ರೂಪಾಯಿ ಬೆಲೆ ಹಾಕಿ ಮಾರುಕಟ್ಟೆಗೆ ತಂದಿತು.

ಅಂದರೆ ಒಂದು ದೇಶದ ಹೆತ್ತವರ ಹಣದಿಂದ ಚಿಗುರಿದ ಔಷಧ ಇನ್ನೊಂದು ದೇಶದ ಹೆತ್ತವರ ಕೈಗೆಟುಕಲು ಪೇಟೆಂಟ್ ವ್ಯಾಜ್ಯವೇ ಆಗಬೇಕಾಯಿತು. ಸಿಸ್ಟಿಕ್ ಫೈಬ್ರೋಸಿಸ್ ಪ್ರತಿಷ್ಠಾನದ ಅನುಭವವೂ ಇದಕ್ಕೆ ಹತ್ತಿರದ್ದೇ. ಅದು ಹಣ ಹಾಕಿ ಬೆಳೆಸಿದ ಔಷಧ 2012ರಲ್ಲಿ ವರ್ಷಕ್ಕೆ ಮೂರು ಲಕ್ಷ ಡಾಲರ್ ಹತ್ತಿರದ ಬೆಲೆಯಲ್ಲಿ ಬಂತು. ತನ್ನ ಪಾಲಿನ ರಾಯಧನವನ್ನು 2014ರಲ್ಲಿ 330 ಕೋಟಿ ಡಾಲರಿಗೆ ಮಾರಿದ ಪ್ರತಿಷ್ಠಾನ ಆ ಹಣವನ್ನು ಮತ್ತೆ ಸಂಶೋಧನೆಗೆ ಹಾಕಿತು. ಸಂಶೋಧನೆಗೆ ಲಾಭ, ನಿಜ. ಆದರೆ ಬೆಲೆ ಹೆಚ್ಚಿದಷ್ಟೂ ರಾಯಧನ ಹೆಚ್ಚುವಾಗ ರೋಗಿಗಳ ಸಂಘ ಬೆಲೆಯ ಬಗ್ಗೆ ಎಷ್ಟು ಗಟ್ಟಿಯಾಗಿ ಮಾತಾಡೀತು?

ಇನ್ನೊಂದು ಅಪಾಯ ಆತುರದ್ದು. ಹುಡುಗ ನಡೆಯುವುದು ನಿಲ್ಲುವ ಮುಂಚೆ ಏನಾದರೂ ಬರಲಿ ಎನ್ನುವ ತಾಯಿಗೆ ಸಾಕಷ್ಟು ಸಾಕ್ಷ್ಯ ಬರಲಿ ಎಂದು ಕಾಯುವುದು ಕಷ್ಟ. 51ನೆಯ ಎಕ್ಸಾನ್ ಹಾರಿಸುವ ಎಟಿಪ್ಲಿರ್ಸೆನ್ ಕೇವಲ 12 ಹುಡುಗರ ಮೇಲಿನ ಅಧ್ಯಯನದ ಬಲದಲ್ಲಿ 2016ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ತಜ್ಞರ ಸಮಿತಿಯ ಬಹುಮತಕ್ಕೆ ಅದು ಒಪ್ಪಿಗೆಯಾಗಿರಲಿಲ್ಲ; ಹೆತ್ತವರ ಒತ್ತಡ ದೊಡ್ಡದಿತ್ತು. ಡುಶೆನ್‌ಗೆಂದೇ 2023ರಲ್ಲಿ ಬಂದ ಎಲಿವಿಡಿಸ್ ಜೀನ್ ಚಿಕಿತ್ಸೆಗೆ 32 ಲಕ್ಷ ಡಾಲರ್. ಅದನ್ನು ಪಡೆದ, ನಡೆಯಲಾಗದ ಸ್ಥಿತಿಯಲ್ಲಿದ್ದ ಇಬ್ಬರು ಹುಡುಗರು ಯಕೃತ್ತು ಕೆಟ್ಟು ಸತ್ತ ಸುದ್ದಿ 2025ರಲ್ಲಿ ಬಂತು. ಚಂದಾ ಕೊಟ್ಟವರಿಗೆ ಫಲ ತೋರಿಸುವ ಒತ್ತಡವಿರುವ ಟ್ರಸ್ಟ್ ತನ್ನ ಔಷಧವನ್ನು ತಾನೇ ಅಳೆಯಬಾರದು. ಅಳೆಯುವವರು ಹೊರಗಿನವರಾಗಿರಬೇಕು.

ಟ್ರಸ್ಟ್ ಇಲ್ಲದ ಕಾಯಿಲೆ

ಟ್ರಸ್ಟ್ ಕಟ್ಟಲಾಗದವರ ಗತಿ ಏನು ಎಂಬ ಎಲ್ಲಕ್ಕಿಂತ ದೊಡ್ಡ ಪ್ರಶ್ನೆಗೆ ಉತ್ತರ ಹುಡುಕಲು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿಗೆ ಹೋಗಬೇಕು. 1974–75ರಲ್ಲಿ ಹಂದಿಗೋಡು ಎಂಬ ಹಳ್ಳಿಯಲ್ಲಿ ಸೊಂಟ, ಮೊಣಕಾಲಿನ ಕೀಲುಗಳು ಹಿಡಿದು ಜನ ನಡೆಯಲಾರದೆ ಹೋದರು. ಮಕ್ಕಳು ಕುಳ್ಳಾಗಿ, ಮೂಳೆ ಸೊಟ್ಟಗಾಗಿ ಬೆಳೆದರು. ಗದ್ದೆಯ ಏಡಿಗಳಲ್ಲಿ ಸೇರಿದ ಕ್ರಿಮಿನಾಶಕವೇ ಕಾರಣವೆಂದು ಮೊದಲು ಅನುಮಾನಿಸಿದರು. ಕೊನೆಗೆ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ವಂಶವಾಹಿ ದೋಷವೆಂದು ಗೊತ್ತಾಯಿತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹರಡಿರುವ ಈ ರೋಗಿಗಳು ಬಹುಪಾಲು ದಲಿತ ಕೂಲಿ ಕುಟುಂಬದವರು. ಇಲ್ಲಿ ಚಂದಾ ಎತ್ತುವ ಎಂಜಿನಿಯರ್ ಅಪ್ಪ ಇರಲಿಲ್ಲ, ವಿದೇಶಿ ಪ್ರಯೋಗಾಲಯಕ್ಕೆ ಪತ್ರ ಬರೆಯುವ ಅಮ್ಮ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು (ಐಸಿಎಂಆರ್) ಬಂದರು, ರಕ್ತ ತೆಗೆದುಕೊಂಡು ಹೋದರು, ವರದಿಗಳು ಬಂದವು. ಅರ್ಧ ಶತಮಾನ ಕಳೆದರೂ ಚಿಕಿತ್ಸೆ ನೋವಿನ ಮಾತ್ರೆಯ ಆಚೆ ಹೆಚ್ಚೇನೂ ಹೋಗಿಲ್ಲ. ಯಾವ ರೋಗದ ಸಂಶೋಧನೆ ಮುಂದೆ ಹೋಗಬೇಕು ಎಂಬುದನ್ನು ಹೆತ್ತವರ ತಾಕತ್ತಿಗೆ ಬಿಟ್ಟರೆ ಆಗುವುದು ಇದು.

ಡೆಂಕಣಿಕೋಟೆ, ತಳಿ, ಅಂಚೆಟ್ಟಿ ಸೀಮೆಗೂ ಈ ಮಾತು ಮುಟ್ಟುತ್ತದೆ. ಇಲ್ಲಿ ಕನ್ನಡದ ಮನೆಯಿರಲಿ, ತೆಲುಗು ತಮಿಳಿನ ಮನೆಯಿರಲಿ, ಅಕ್ಕನ ಮಗಳನ್ನೋ ಅತ್ತೆಯ ಮಗಳನ್ನೋ ತಂದುಕೊಳ್ಳುವುದು ಹಳೆಯ ವಾಡಿಕೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡು, ಕರ್ನಾಟಕ ಎರಡರಲ್ಲೂ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆ ರಕ್ತಸಂಬಂಧದೊಳಗೆ ಆಗುತ್ತದೆ. ಎಸ್‌ಎಂಎ ದೋಷವನ್ನು ರೋಗವಿಲ್ಲದೆ ಹೊತ್ತವರು ಸುಮಾರು ನಲವತ್ತು ಐವತ್ತು ಜನರಲ್ಲಿ ಒಬ್ಬರು. ಗಂಡಸೊಬ್ಬ ಅಂಥವನಾಗಿದ್ದು ಹೊರಗಿನ ಹೆಣ್ಣನ್ನು ತಂದರೆ ಅವಳಲ್ಲೂ ಅದು ಇರುವ ಸಂಭವ ಅಷ್ಟೇ. ಅಕ್ಕನ ಮಗಳನ್ನು ತಂದರೆ ಅದು ನಾಲ್ಕರಲ್ಲಿ ಒಂದು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಡುಶೆನ್ ಲೆಕ್ಕ ಬೇರೆ: ಅದು ತಾಯಿಯ ಎಕ್ಸ್ ವರ್ಣತಂತುವಿನಿಂದ ಬರುತ್ತದೆ, ಮೂರರಲ್ಲಿ ಒಂದು ಪ್ರಕರಣದಲ್ಲಿ ಮಗುವಿನಲ್ಲೇ ಹೊಸದಾಗಿ ಹುಟ್ಟುತ್ತದೆ. ಅದಕ್ಕೆ ನೆಂಟರ ಮದುವೆಯನ್ನಾಗಲಿ ಸೊಸೆಯನ್ನಾಗಲಿ ದೂರಿ ಫಲವಿಲ್ಲ.

ಹೊರಗಿನ ಹೆಣ್ಣು ತಂದರೂ ಜಾತಿಯೊಳಗೇ ತರುವುದರಿಂದ ಇನ್ನೊಂದು ಸಂಗತಿ ಬರುತ್ತದೆ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಕೇಂದ್ರದ ಮತ್ತು ಹಾರ್ವರ್ಡ್‌ನ ವಿಜ್ಞಾನಿಗಳು 2017ರಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ಪರೀಕ್ಷಿಸಿದಾಗ 81 ಗುಂಪುಗಳು ಕೆಲವೇ ಪೂರ್ವಿಕರಿಂದ ಕವಲೊಡೆದು ಒಳಗೊಳಗೇ ಬೆಳೆದಿರುವುದು ಕಂಡಿತು. ಅಂಥ ಪ್ರತಿ ಗುಂಪಿಗೂ ತನ್ನದೇ ವಿರಳ ರೋಗಗಳಿರಬಹುದು. ಅರಿವಳಿಕೆ ಕೊಟ್ಟಾಗ ವೈಶ್ಯರಲ್ಲಿ ಕೆಲವರ ಸ್ನಾಯುಗಳು ಬೇಗ ಚೇತರಿಸಿಕೊಳ್ಳದ್ದಕ್ಕೆ ಕಾರಣವಾದ ಕಿಣ್ವದ ಕೊರತೆ ಇದಕ್ಕೆ ಉದಾಹರಣೆ. ಡೆಂಕಣಿಕೋಟೆ ಸೀಮೆಯ ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಹೆಸರಿಡದ ಕಾಯಿಲೆಗಳು ಎಷ್ಟಿವೆ ಎಂದು ಹುಡುಕಲು ಅಲ್ಲಿನ ಹೆತ್ತವರು ಟ್ರಸ್ಟ್ ಕಟ್ಟಲಾರರು.

ಸರ್ಕಾರದ ಪಾಲು

2021ರ ಮಾರ್ಚಿನಲ್ಲಿ ಬಂದ ರಾಷ್ಟ್ರೀಯ ವಿರಳ ರೋಗ ನೀತಿ ಮೊದಲು ಕೆಲವು ರೋಗಗಳಿಗೆ ಮಾತ್ರ 20 ಲಕ್ಷ ರೂಪಾಯಿ ಕೊಡುವುದಾಗಿ ಹೇಳಿತು; 2022ರ ಮೇ ತಿಂಗಳಲ್ಲಿ ಅದನ್ನು ನೀತಿಯ ಪಟ್ಟಿಯಲ್ಲಿರುವ ಎಲ್ಲ ರೋಗಗಳಿಗೂ 50 ಲಕ್ಷಕ್ಕೆ ಏರಿಸಿತು. ನಿಗದಿತ ಶ್ರೇಷ್ಠತಾ ಕೇಂದ್ರಗಳ ಮೂಲಕವೇ ಅದನ್ನು ಪಡೆಯಬೇಕು. ಡೆಂಕಣಿಕೋಟೆಯವರಿಗೆ ರಾಜ್ಯದ ಕೇಂದ್ರ ಚೆನ್ನೈ ಎಗ್ಮೋರಿನ ಮಕ್ಕಳ ಆಸ್ಪತ್ರೆ, ಮುನ್ನೂರು ಕಿಲೋಮೀಟರ್ ದೂರ. ಹತ್ತಿರದ್ದು ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರದ ಜೋಡಿ. ಕೇಂದ್ರದ ನೀತಿ ರಾಜ್ಯದ ಗಡಿ ನೋಡದಿದ್ದರೂ ರಾಜ್ಯಗಳ ವಿಮಾ ಕಾರ್ಡಿಗೆ ಆ ಗಡಿ ಅಡ್ಡ ಬರುತ್ತದೆ. ಮೇಲಾಗಿ ಪಾಂಪೆಯಂಥ ರೋಗದಲ್ಲಿ ವರ್ಷ ವರ್ಷವೂ ಬೇಕಾದ ಕಿಣ್ವಕ್ಕೆ ಒಮ್ಮೆ ಕೊಟ್ಟ 50 ಲಕ್ಷ ಎಷ್ಟು ದಿನ ಬಂದೀತು?

ಹಾಗೆಂದು ಕೈಯಲ್ಲಿರುವುದನ್ನು ಮರೆಯಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸ್ನಾಯುಕ್ಷಯ ಸೇರಿದೆ, ತಮಿಳುನಾಡು ಸರ್ಕಾರ ಅಂಥವರಿಗೆ ತಿಂಗಳಿಗೆ 2,000 ರೂಪಾಯಿ ಭತ್ಯೆ ಕೊಡುತ್ತದೆ. ಮನೆಬಾಗಿಲಿಗೆ ಫಿಸಿಯೋಥೆರಪಿ ತರುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯನ್ನು ಮುಖ್ಯಮಂತ್ರಿ 2021ರ ಆಗಸ್ಟಿನಲ್ಲಿ ಆರಂಭಿಸಿದ್ದು ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಕೊಯಮತ್ತೂರಿನ ಎಂಡಿಸಿಆರ್‌ಸಿ ಎಂಬ ಕೇಂದ್ರ ತಮಿಳುನಾಡಿನ ಸ್ನಾಯುಕ್ಷಯದ ಕುಟುಂಬಗಳಿಗೆ ವಂಶವಾಹಿ ಪರೀಕ್ಷೆ, ಸಲಹೆ ಕೊಡುತ್ತ ಬಂದಿದೆ. ಔಷಧ ಬರುವವರೆಗೆ ಮಗುವಿನ ಕೀಲು ಮಡಚಿಕೊಳ್ಳದಂತೆ, ಬೆನ್ನು ಬಾಗದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ.

ಹೆತ್ತವರ ಟ್ರಸ್ಟುಗಳು ಈವರೆಗೆ ಚೆನ್ನಾಗಿ ಮಾಡಿರುವುದು ಮೂರು ಕೆಲಸ: ರೋಗಿಗಳ ಪಟ್ಟಿ ಮಾಡಿದ್ದು, ಪರೀಕ್ಷೆಯ ಖರ್ಚು ಭರಿಸಿದ್ದು, ಯಾರೂ ಕೇಳದ ಪ್ರಶ್ನೆಯನ್ನು ಪ್ರಯೋಗಾಲಯದ ಮುಂದೆ ಇಟ್ಟದ್ದು. ಕೋಟಿಗಟ್ಟಲೆ ಬೇಕಾಗುವ ಔಷಧ ಪ್ರಯೋಗ ಅವರ ಕೈಮೀರಿದ್ದು. ಅದನ್ನು ವೆಲ್ಲೂರಿನಲ್ಲಿ ಆದಂತೆ ಸಾರ್ವಜನಿಕ ಹಣ ಹೊರಬೇಕು. ಆದ್ದರಿಂದ ಟ್ರಸ್ಟಿಗೆ ದುಡ್ಡು ಕೊಡುವ ಮುಂಚೆ ಕೇಳಬೇಕಾದ್ದು ಇಷ್ಟು. ಅದರ ರೋಗಿಪಟ್ಟಿ ಐಸಿಎಂಆರ್ 2017ರಲ್ಲಿ ತೆರೆದ ರಾಷ್ಟ್ರೀಯ ನೋಂದಣಿಗೆ ಸೇರುತ್ತದೆಯೇ? ಸೋತ ಪ್ರಯೋಗದ ಫಲವನ್ನೂ ಪ್ರಕಟಿಸುತ್ತದೆಯೇ? ಕಂಪನಿಯ ಜತೆ ಮಾಡಿಕೊಂಡ ಒಪ್ಪಂದದಲ್ಲಿ ಭಾರತದ ಬೆಲೆಯ ಷರತ್ತಿದೆಯೇ? ಹೊಸೂರಿನ ಸುತ್ತ ಟೈಟಾನ್, ಟಿವಿಎಸ್, ಅಶೋಕ್ ಲೇಲ್ಯಾಂಡ್‌ನಂಥ ಕಾರ್ಖಾನೆಗಳಿವೆ. ಕಾನೂನಿನ ಪ್ರಕಾರ ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕಾದ ಕಂಪನಿಗಳು ಇವು. ಆ ಹಣದಲ್ಲಿ ಒಂದಿಷ್ಟು ಡೆಂಕಣಿಕೋಟೆ, ಅಂಚೆಟ್ಟಿ ಶಾಲೆಗಳಲ್ಲಿ ಮಕ್ಕಳ ನಡಿಗೆ ನೋಡಿ ಸಿಕೆ ಪರೀಕ್ಷೆ ಮಾಡಿಸುವುದಕ್ಕೂ ಮದುವೆಗೆ ಮುಂಚೆ ವಾಹಕರ ಪರೀಕ್ಷೆಗೂ ಹೋದರೆ, ಟ್ರಸ್ಟ್ ಕಟ್ಟಲಾಗದ ಮನೆಗಳ ಹೆಸರೂ ಆ ರಾಷ್ಟ್ರೀಯ ಪಟ್ಟಿಯಲ್ಲಿ ಸೇರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ಮಗುವಿಗಾಗಿ ಯಾವ ಪ್ರಯೋಗಾಲಯವೂ ಔಷಧ ಹುಡುಕುವುದಿಲ್ಲ.